ನೆಲಮಾಳಿಗೆಯಲ್ಲಿ ತೇವ ಇದೆ, ಕೋಣೆ ಮಾಡುವ ಮೊದಲು ಏನೇನು ಮಾಡಬೇಕು?

ನೆಲದಡಿ:
ಸುಮಾರು 400 ಚದರ ಅಡಿಯ ಬೇಸ್‌ಮೆಂಟ್. ಗೋಡೆ, ನೆಲ ಎರಡೂ ಕಾಂಕ್ರೀಟ್. ಓದುವ ಕೋಣೆ, ಪಕ್ಕದಲ್ಲೊಂದು ಮಲಗುವ ಕೋಣೆ ಮಾಡಬೇಕು ಅಂತಿದೆ. ನೀರು ನಿಲ್ಲುವುದಿಲ್ಲ. ಆದರೆ ಎರಡು ಗೋಡೆಗಳ ಬುಡದಲ್ಲಿ ಒಂದಡಿ ಎತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತಿದೆ, ಬಿಳಿ ಪುಡಿ ಕೂತಿದೆ. ಒಂದು ಮೂಲೆಯಲ್ಲಿ ಗೋಡೆ ನೆಲ ಸೇರುವ ಕಡೆ ಮಳೆ ಬಂದಾಗ ಒದ್ದೆ ಗೆರೆ ಮೂಡುತ್ತದೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆದು, ಮೇಲೆ ಜಿಪ್ಸಂ ಬೋರ್ಡ್, ನೆಲಕ್ಕೆ ಮರದ ಫ್ಲೋರಿಂಗ್ ಹಾಕಿದರೆ ಮುಗೀತು ಅನ್ನುತ್ತಿದ್ದಾರೆ ಕೆಲಸದವರು. ಅಷ್ಟು ಸಾಕಾ? ಯಾವುದು ಮೊದಲು, ಯಾವುದು ಆಮೇಲೆ?

ಗಾರೆಕೆಲಸ:
ಸಾಕಾಗಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುವ ತನಕ ಒಂದು ಮೊಳೆಯನ್ನೂ ಹೊಡೆಸಬೇಡಿ. ಬೋರ್ಡ್ ಮುಚ್ಚಿದ ಮೇಲೆ ಗೋಡೆ ಕಣ್ಣಿಗೆ ಬೀಳುವುದಿಲ್ಲ, ಹಿಂದೆ ಬೂಷ್ಟು ಹಬ್ಬಿದ್ದು ವಾಸನೆ ಹೊರಗೆ ಬಂದ ಮೇಲೇ ತಿಳಿಯೋದು.

ಇಬ್ಬನಿ:
ಮೂರು ದಾರಿ ಇವೆ. ಹೊರಗಿನ ನೀರು ಬಿರುಕಿನಿಂದಲೋ ಸಂದಿಯಿಂದಲೋ ಒಸರುವುದು ಒಂದು. ಮಣ್ಣಿನ ತೇವವನ್ನು ಕಾಂಕ್ರೀಟ್ ತಾನೇ ಹೀರಿಕೊಂಡು ಮೇಲೇರಿಸುವುದು ಇನ್ನೊಂದು. ಮೂರನೆಯದು ಕೋಣೆಯ ಗಾಳಿಯಲ್ಲೇ ಇರುವ ತೇವ ತಣ್ಣಗಿನ ಗೋಡೆಗೆ ತಾಗಿ ಬೆವರುವುದು. ಮೂರಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಗುರುತು ಹಚ್ಚುವುದು ಸುಲಭ. 45 ಸೆಂ.ಮೀ. ಚೌಕದ ದಪ್ಪ ಪಾಲಿಥಿನ್ ಹಾಳೆ ತಗೊಳ್ಳಿ. ಗೋಡೆಯ ಬುಡದಲ್ಲಿ ಎರಡು ಕಡೆ, ನಡುಮಟ್ಟದಲ್ಲಿ ಒಂದು, ನೆಲದ ಮೇಲೆ ಎರಡು, ಹೀಗೆ ಅಂಟಿಸಿ. ಅದಕ್ಕೂ ಮೊದಲು ಸಡಿಲ ಬಣ್ಣ ಕೆರೆದು, ಪುಡಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಟೇಪ್ ಹಿಡಿಯುವುದಿಲ್ಲ. ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಒತ್ತಿ. ಕನಿಷ್ಠ 16 ಗಂಟೆ ಬೇಕು, ಎರಡು ದಿನ ಬಿಟ್ಟರೆ ಒಳ್ಳೆಯದು. ಹಾಳೆಯ ಹಿಂಬದಿ ಹನಿಗಟ್ಟಿದ್ದರೆ ಅಥವಾ ಅದರಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಗೋಡೆಯೊಳಗಿಂದ ಬರ್ತಿದೆ. ಮುಂಬದಿ ಒದ್ದೆಯಾಗಿದ್ದರೆ ಗಾಳಿಯ ತೇವ. ಎರಡೂ ಕಡೆ ಒದ್ದೆ ಅಂದರೆ ಎರಡೂ ಇವೆ.

ಜಲ್ಲಿಕಲ್ಲು:
ಒಂದು ಮಾತು ಸೇರಿಸ್ತೀನಿ. ಒಣ ಹವೆಯಲ್ಲಿ ಈ ಪರೀಕ್ಷೆ ಮಾಡಿ 'ಏನೂ ಇಲ್ಲ' ಅಂತ ತೀರ್ಮಾನಿಸಬೇಡಿ. ಹೊರಗಿನ ಮಣ್ಣು ನೆನೆದು ತೊಯ್ದಿರುವಾಗ ಮತ್ತೊಮ್ಮೆ ಮಾಡಿ. ಸಾಧ್ಯವಾದರೆ ಒಂದು ಪೂರ್ತಿ ಮಳೆಗಾಲ ಬರಿ ಗೋಡೆಯನ್ನೇ ನೋಡಿ, ಒದ್ದೆ ಎಲ್ಲಿವರೆಗೆ ಬಂತು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ.

ಸುಣ್ಣದಕೈ:
ಆ ಬಿಳಿ ಪುಡಿ ಬೂಷ್ಟು ಅಂತ ಬಹಳ ಜನ ಬ್ಲೀಚ್ ಸುರಿಯುತ್ತಾರೆ. ಅದು ಉಪ್ಪು. ನೀರು ಕಾಂಕ್ರೀಟ್ ಒಳಗಿನಿಂದ ಹಾದು ಬರುವಾಗ ಲವಣ ಕರಗಿಸಿ ತರುತ್ತದೆ, ನೀರು ಆರಿದ ಮೇಲೆ ಲವಣ ಉಳಿಯುತ್ತದೆ. ಸ್ವಲ್ಪ ನೀರು ಚಿಮುಕಿಸಿ ನೋಡಿ, ಉಪ್ಪಾದರೆ ಕರಗಿ ಮಾಯ, ಬೂಷ್ಟಾದರೆ ಹಾಗೇ ಇರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಅರ್ಧ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಬಣ್ಣ ಉಬ್ಬುವುದೂ ಇದರಿಂದಲೇ: ಲವಣ ಬಣ್ಣದ ಪದರದ ಹಿಂದೆ ಹರಳುಗಟ್ಟಿ ಹೊರಕ್ಕೆ ತಳ್ಳುತ್ತದೆ.

ಗಾಳಿಬೆಳಕು:
ಇಷ್ಟೆಲ್ಲ ಯಾಕೆ? ಕಿಟಕಿ ತೆಗೆದಿಟ್ಟು ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗ್ಗಲು ವಾಸನೆ ಹೋಗುತ್ತಪ್ಪ. ಗಾಳಿ ಆಡದಿದ್ದರೆ ಯಾವ ಕೋಣೆಯೂ ವಾಸನೆ ಬರುತ್ತೆ.

ಇಬ್ಬನಿ:
@ಗಾಳಿಬೆಳಕು ಒಣ ಹವೆಯಲ್ಲಿ ಸರಿ, ಸೆಕೆ ಮತ್ತು ಮಳೆಯಲ್ಲಿ ಪೂರ್ತಿ ಉಲ್ಟಾ. ಹೊರಗೆ 30 ಡಿಗ್ರಿ, ಆರ್ದ್ರತೆ 80% ಇದ್ದರೆ ಆ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಹನಿ ಬಿಡುತ್ತದೆ. ಮಣ್ಣಿಗೆ ಒರಗಿದ ಗೋಡೆ 23 ಡಿಗ್ರಿ ಇದ್ದರೆ? ನೀವು ಕಿಟಕಿಯಿಂದ ನೀರನ್ನೇ ಒಳಗೆ ಬಿಟ್ಟುಕೊಂಡ ಹಾಗಾಯಿತು. ಎಕ್ಸಾಸ್ಟ್ ಫ್ಯಾನ್ ಇನ್ನೂ ಜೋರಾಗಿ ಎಳೆದು ತರುತ್ತದೆ. ಆರ್ದ್ರತೆ ಮಾಪಕ ಎರಡು ತಗೊಂಡು ಒಂದು ಒಳಗೆ, ಒಂದು ಹೊರಗೆ ಇಡಿ. ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಹನಿ ಬಿಡುತ್ತದೋ ಅದು, ಎರಡೂ ಕಡೆ ಎಷ್ಟಿದೆ ನೋಡಿ. ಹೊರಗಿನದು ಕಡಿಮೆ ಇದ್ದಾಗ ಕಿಟಕಿ ತೆಗೆಯಿರಿ, ಇಲ್ಲವಾದರೆ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಓಡಿಸಿ.

ಗಾಳಿಬೆಳಕು:
ಸರಿ, ಸೆಕೆಗಾಲದ ಲೆಕ್ಕ ಒಪ್ಪಿದೆ. ಆದರೆ ಆ ಯಂತ್ರ ದಿನವಿಡೀ ಓಡಿದರೆ ಕರೆಂಟ್ ಬಿಲ್?

ಇಬ್ಬನಿ:
50-55%ಗೆ ಸೆಟ್ ಮಾಡಿ, 60% ದಾಟದಂತೆ ನೋಡಿಕೊಂಡರೆ ಸಾಕು. 35-40%ಗೆ ಇಳಿಸುವುದು ದಂಡ. ಟಬ್ ತುಂಬಿದಾಗ ಯಂತ್ರ ತಾನೇ ನಿಂತುಬಿಡುತ್ತದೆ, ಅದಕ್ಕೇ ಹಿಂದಿನ ಕೊಳವೆಯನ್ನು ನೇರ ನೆಲದ ಜಾಲರಿಗೆ ಬಿಡಿ. ತೀರಾ ತಣ್ಣಗಿನ ಕೋಣೆಯಲ್ಲಿ ಮಾಮೂಲಿ ಮಾದರಿಯ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಅಲ್ಲಿಗೆ ಡೀಫ್ರಾಸ್ಟ್ ಇರುವುದೇ ಬೇಕು. ಇನ್ನೊಂದು, ಒಸರು ಇರುವಾಗ ಇದೊಂದನ್ನೇ ನಂಬಿದರೆ ಮಣ್ಣನ್ನೇ ಒಣಗಿಸಲು ಹೊರಟ ಹಾಗೆ. ಒಸರು ನಿಂತ ಮೇಲೆ ಇದರ ಕೆಲಸ.

ಮಣ್ಣುವಾಟ:
ಎಲ್ಲರೂ ಒಳಗೇ ನಿಂತು ಮಾತಾಡ್ತಿದ್ದೀರಿ. ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ. ಮಳೆ ಬಂದಾಗ ಮಾತ್ರ ಒಂದೇ ಮೂಲೆ ಒದ್ದೆ ಅಂದರೆ ಆ ಮೂಲೆಯ ಹೊರಗೆ ಏನೋ ಇದೆ. ಚಾವಣಿಯ ನೀರಿನ ಪೈಪ್ ಅಲ್ಲೇ ಇಳಿದಿದೆಯಾ? 100 ಚದರ ಮೀಟರ್ ಚಾವಣಿ, 25 ಮಿ.ಮೀ. ಮಳೆ ಅಂದರೆ 2,500 ಲೀಟರ್ ನೀರು. ಅದು ಗೋಡೆಯ ಬುಡಕ್ಕೇ ಸುರಿದರೆ ಯಾವ ಪೇಂಟ್ ತಡೆದೀತು?

ನೀರು ಇಳಿಯುವ ಪೈಪಿನ ಬಾಯಿ ಗೋಡೆಯಿಂದ 2-3 ಮೀಟರ್ ಆಚೆ ಹೋಗಬೇಕು. ಮನೆ ಸುತ್ತಲಿನ ನೆಲ ಮೊದಲ 3 ಮೀಟರ್‌ನಲ್ಲಿ 15 ಸೆಂ.ಮೀ. ಆದರೂ ಹೊರಕ್ಕೆ ಇಳಿಯಬೇಕು. ಆ ವಾಟವನ್ನು ಮರಳಿನಿಂದ ಮಾಡಬೇಡಿ, ಮರಳು ನೀರನ್ನು ನೇರ ಕೆಳಕ್ಕೆ ಬಿಡುತ್ತದೆ. ಜೇಡಿ ಅಂಶ ಇರುವ ಮಣ್ಣು ಹಾಕಿ, 15 ಸೆಂ.ಮೀ. ಪದರ ಪದರವಾಗಿ ದಮ್ಮಸ್ ಮಾಡಿ. ಪಾಯ ತೆಗೆದು ಮತ್ತೆ ತುಂಬಿದ ಮಣ್ಣು ವರ್ಷ ಕಳೆದಂತೆ ಕುಸಿದು ಗೋಡೆಯ ಕಡೆಗೇ ತಗ್ಗಾಗಿರುತ್ತದೆ, ಬಹುಪಾಲು ತೊಂದರೆಯ ಬೇರು ಅದೇ. ಗೋಡೆಗೆ ತಾಗಿಸಿ ಹೂಗಿಡದ ಪಾತಿ ಮಾಡಿ ದಿನಾ ನೀರು ಹಾಕುವುದನ್ನೂ ನಿಲ್ಲಿಸಿ. ನೆಲಮಟ್ಟಕ್ಕಿಂತ ಕೆಳಗಿರುವ ಕಿಟಕಿ ಗುಂಡಿಯಲ್ಲಿ ಎಲೆ ಕಟ್ಟಿಕೊಂಡಿದ್ದರೆ ಅದೊಂದು ಪುಟ್ಟ ಬಾವಿ.

ನಲ್ಲಿಪೈಪು:
ಮಳೆ ಇಲ್ಲದಾಗಲೂ ಒದ್ದೆ ಆರದಿದ್ದರೆ ಮನೆಯ ಪೈಪ್ ನೋಡಿ. ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ಹೋಗುವ ವಾಲ್ವನ್ನೂ ಮುಚ್ಚಿ, ನೀರಿನ ಮೀಟರ್ ಮುಳ್ಳು ಓಡುತ್ತಿದೆಯಾ ಅಂತ ಒಂದು ಗಂಟೆ ಬಿಟ್ಟು ನೋಡಿ. ನೆಲದಡಿ ನೀರಿನ ತೊಟ್ಟಿ ಗೋಡೆಗೆ ಅಂಟಿಕೊಂಡೇ ಇದ್ದರೆ ಅದನ್ನು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, ಒಂದು ರಾತ್ರಿ ಬಳಸದೆ ಬಿಡಿ. ಮಟ್ಟ ಇಳಿದಿದ್ದರೆ ಕಳ್ಳ ಸಿಕ್ಕ.

ಬಣ್ಣದಡಬ್ಬಿ:
ಹೊರಗೆ ಅಗೆಯೋದು ಎಲ್ಲರಿಗೂ ಆಗುತ್ತಾ ಸ್ವಾಮಿ? ಒಳಗಿನಿಂದಲೇ ಒಳ್ಳೆ ಕೋಟಿಂಗ್ ಹೊಡೆದರೆ ನಿಲ್ಲುತ್ತೆ. ಈಗ ಎಂಥೆಂಥ ಮಾಲು ಬಂದಿದೆ.

ಗಾರೆಕೆಲಸ:
@ಬಣ್ಣದಡಬ್ಬಿ ಯಾವ ಕೋಟಿಂಗ್ ಅನ್ನೋದು ಮುಖ್ಯ. ಹೊರಗೆ ಗೋಡೆಗೆ ಒಂದು ಮೀಟರ್ ಎತ್ತರ ನೀರು ನಿಂತರೆ ಅದರ ಬುಡದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು ಒಂದು ಟನ್ ಒತ್ತಡ. ಹೊರಗಿನ ಲೇಪವನ್ನು ಆ ಒತ್ತಡ ಗೋಡೆಗೆ ಒತ್ತಿ ಹಿಡಿಯುತ್ತದೆ, ಒಳಗಿನ ಲೇಪವನ್ನು ಸುಲಿದು ಹಾಕುತ್ತದೆ. ರಬ್ಬರ್ ತರಹದ ಪೇಂಟ್, ಟಾರು, ಆಯಿಲ್ ಪೇಂಟ್ ಒಳಗಿನಿಂದ ಹೊಡೆದರೆ ಗುಳ್ಳೆ ಎದ್ದೇ ಏಳುತ್ತದೆ.

ಒಳಗಿನಿಂದ ನಡೆಯುವುದು ಸಿಮೆಂಟ್ ಆಧಾರದ ಕ್ರಿಸ್ಟಲೈನ್ ಲೇಪ. ಅದು ಕಾಂಕ್ರೀಟಿನ ರಂಧ್ರದೊಳಗೇ ಹರಳು ಬೆಳೆಸುತ್ತದೆ. ಆದರೆ ಹಳೆಯ ಬಣ್ಣ, ಪುಟ್ಟಿ ಒಂದು ಚೂರೂ ಉಳಿಯಬಾರದು, ಗ್ರೈಂಡರ್ ಹಿಡಿದು ಕಾಂಕ್ರೀಟ್ ಕಾಣುವ ತನಕ ಕೆರೆಯಬೇಕು. ಆಮೇಲೆ ಗೋಡೆಯನ್ನು ಚೆನ್ನಾಗಿ ನೆನೆಸಿ, ಮೇಲೆ ನೀರು ಹೊಳೆಯದಂತೆ ಬಿಟ್ಟು, ಒರಟು ಬ್ರಷ್‌ನಲ್ಲಿ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಎರಡು ಮೂರು ದಿನ ನೀರು ಚಿಮುಕಿಸಿ ಕ್ಯೂರಿಂಗ್. ಒಣ ಗೋಡೆಗೆ ಹೊಡೆದರೆ ಹರಳು ಬೆಳೆಯಲು ನೀರೇ ಇರುವುದಿಲ್ಲ, ಪುಡಿಪುಡಿಯಾಗಿ ಕೈಗೆ ಬರುತ್ತದೆ. ಮತ್ತೆ ಇದು ಅಲುಗಾಡುವ ಬಿರುಕನ್ನು ಮುಚ್ಚುವುದಿಲ್ಲ.

ಬಣ್ಣದಡಬ್ಬಿ:
ಅದನ್ನೇ ನಾನು ಹೇಳಿದ್ದು, ಒಳ್ಳೆ ಕೋಟಿಂಗ್ ಅಂತ.

ಗಾರೆಕೆಲಸ:
ಅಂಗಡಿಯಲ್ಲಿ ಎರಡನ್ನೂ ವಾಟರ್‌ಪ್ರೂಫಿಂಗ್ ಅಂತಲೇ ಕೊಡುತ್ತಾರೆ. ಅದಕ್ಕೇ ಬಿಡಿಸಿ ಹೇಳಿದೆ.

ಬಿರುಕುಬೇಟೆ:
ಬಿರುಕಿನ ವಿಷಯ ನನಗೆ ಬಿಡಿ. ಕೂದಲೆಳೆ ಬಿರುಕು ನೇರ ಮೇಲಿಂದ ಕೆಳಗೆ ಇದ್ದರೆ ಸಾಮಾನ್ಯವಾಗಿ ಕಾಂಕ್ರೀಟ್ ಒಣಗುವಾಗ ಕುಗ್ಗಿದ್ದು. ಗೋಡೆಯ ನಡುಮಟ್ಟದಲ್ಲಿ ಅಡ್ಡ ಬಿರುಕು, 3 ಮಿ.ಮೀ.ಗಿಂತ ಅಗಲ, ಅಥವಾ ಒಂದು ಬದಿ ಮುಂದಕ್ಕೆ ಉಬ್ಬಿದೆ ಅಂದರೆ ಮಣ್ಣು ಗೋಡೆಯನ್ನು ತಳ್ಳುತ್ತಿದೆ. ಅಲ್ಲಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು, ಗಾರೆ ಮೆತ್ತಿ ಮುಚ್ಚುವ ವಿಷಯ ಅಲ್ಲ.

ಒಸರುವ ಬಿರುಕಿಗೆ ಪಾಲಿಯುರೆಥೇನ್ ರಾಳದ ಇಂಜೆಕ್ಷನ್, ಅದು ನೀರು ತಾಗಿದರೆ ನೊರೆಯಾಗಿ ಉಬ್ಬಿ ತುಂಬಿಕೊಳ್ಳುತ್ತದೆ. ಒಣಗಿದ, ಅಲುಗಾಡದ, ಬಲ ಬೇಕಾದ ಬಿರುಕಿಗೆ ಎಪಾಕ್ಸಿ. ತೂತನ್ನು ಬಿರುಕಿನ ಮೇಲೇ ಕೊರೆಯಬೇಡಿ. ಪಕ್ಕದಿಂದ 45 ಡಿಗ್ರಿ ಓರೆಯಾಗಿ, ಗೋಡೆಯ ದಪ್ಪದ ನಡುವೆ ಬಿರುಕಿಗೆ ಸಂಧಿಸುವಂತೆ, ಒಮ್ಮೆ ಎಡ ಒಮ್ಮೆ ಬಲ. ಅಂತರ 15-20 ಸೆಂ.ಮೀ. ಕೆಳಗಿನ ತೂತಿನಿಂದ ಶುರು ಮಾಡಿ, ಮೇಲಿನದರಲ್ಲಿ ರಾಳ ಕಾಣಿಸಿದ ಮೇಲೆ ಮುಂದಕ್ಕೆ ಹೋಗಿ. ಮೇಲಿಂದ ಶುರು ಮಾಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ಟೊಳ್ಳು ಉಳಿಯುತ್ತದೆ.

ನೀರು ಚಿಮ್ಮುತ್ತಿರುವ ಸಣ್ಣ ತೂತಿಗೆ ಹೈಡ್ರಾಲಿಕ್ ಸಿಮೆಂಟ್. 3-5 ನಿಮಿಷದಲ್ಲಿ ಗಟ್ಟಿಯಾಗುತ್ತೆ, ಮುಷ್ಟಿಯಷ್ಟು ಮಾತ್ರ ಕಲಸಿ. ಉಳಿಯಲ್ಲಿ ಕೊರೆಯುವಾಗ ಕನಿಷ್ಠ 2 ಸೆಂ.ಮೀ. ಆಳ, ಒಳಗೆ ಅಗಲ, ಬಾಯಿ ಕಿರಿದು ಇರಲಿ. ಬಾಯಿ ಅಗಲ ಮಾಡಿ ಒಳಗೆ ಚೂಪಾಗಿಸಿದರೆ ನೀರಿನ ಒತ್ತಡಕ್ಕೆ ಮುಚ್ಚಳದ ಹಾಗೆ ಕಿತ್ತು ಬೀಳುತ್ತದೆ.

ಕಲ್ಲುಗೂಡು:
ಇಂಜೆಕ್ಷನ್ ಗಟ್ಟಿ ಕಾಂಕ್ರೀಟಿಗೆ ಮಾತ್ರ. ಹಾಲೋ ಬ್ಲಾಕ್ ಗೋಡೆಗೆ ಚುಚ್ಚಿದರೆ ರಾಳ ಪೂರ್ತಿ ಟೊಳ್ಳಿನೊಳಗೆ ಸುರಿದು ಹೋಗುತ್ತದೆ. ಬ್ಲಾಕಿನ ಹೊಟ್ಟೆಯಲ್ಲಿ ನೀರು ನಿಂತಿರುತ್ತದೆ, ಅದನ್ನು ಅತಿ ಕೆಳಗಿನ ಸಾಲಿಗೆ ತೂತು ಕೊರೆದು ಒಳಚರಂಡಿಗೆ ಇಳಿಸಬೇಕು. ಮೂಲ ಪ್ರಶ್ನೆ ಕಾಂಕ್ರೀಟ್ ಗೋಡೆ ಬಗ್ಗೆ, ಗೊತ್ತು. ಓದುವ ಬೇರೆಯವರಿಗೆ ಇರಲಿ ಅಂತ.

ನೆಲದಡಿ:
ಹಾಳೆ ಅಂಟಿಸಿ ನೋಡಿದೆ. ಗೋಡೆಯ ಬುಡದ ಎರಡರಲ್ಲೂ ಹಿಂಬದಿ ಹನಿ, ನೆಲದ ಮೇಲಿನದರಲ್ಲಿ ಮಂಕು ಮಾತ್ರ, ನಡುಮಟ್ಟ ಒಣ. ಚಾವಣಿ ಪೈಪ್ ಆ ಮೂಲೆಯ ಬುಡದಲ್ಲೇ ಇಳಿಯುವುದು ನಿಜ. ಅದನ್ನು ಈಗಲೇ ದೂರಕ್ಕೆ ಒಯ್ಯುತ್ತೇನೆ, ವಾಟವನ್ನೂ ಸರಿ ಮಾಡಿಸುತ್ತೇನೆ. ಅದಾದ ಮೇಲೂ ಆ ಸಂದಿ ಒದ್ದೆಯಾದರೆ?

ಜಲ್ಲಿಕಲ್ಲು:
ಆಗ ಅಂತರ್ಜಲ ಮಟ್ಟ ಮೇಲೆ ಬರ್ತಿದೆ ಅಂತ. ಗೋಡೆ ನೆಲ ಬೇರೆ ಬೇರೆ ದಿನ ಎರಕ ಹೊಯ್ದಿದ್ದು, ಆ ಸಂದಿಯೇ ನೀರಿಗೆ ಸುಲಭದ ಬಾಗಿಲು. ಅದನ್ನು ಮುಚ್ಚಿದರೆ ಪಕ್ಕದಲ್ಲಿ ಎದ್ದು ಬರುತ್ತದೆ. ಮುಚ್ಚುವ ಬದಲು ನೀರಿಗೆ ದಾರಿ ಮಾಡಿಕೊಡಬೇಕು.

ಗೋಡೆಯ ಉದ್ದಕ್ಕೂ 30 ಸೆಂ.ಮೀ. ಅಗಲ ನೆಲ ಕತ್ತರಿಸಿ ಕಾಲುವೆ ತೆಗೆಯಿರಿ. ಜಾಲಿ ಬಟ್ಟೆ ಹಾಸಿ, ತೊಳೆದ 20 ಮಿ.ಮೀ. ಜಲ್ಲಿ 5 ಸೆಂ.ಮೀ., ಅದರ ಮೇಲೆ 100 ಮಿ.ಮೀ. ತೂತಿನ ಪೈಪ್, ಸುತ್ತ ಮೇಲೆ ಮತ್ತೆ ಜಲ್ಲಿ, ಬಟ್ಟೆ ಮಡಚಿ ಮುಚ್ಚಿ. ಪೈಪಿನ ತೂತು ಕೆಳಮುಖ ಇರಬೇಕು. ಮೇಲ್ಮುಖ ಇಟ್ಟರೆ ಪೈಪ್ ಅರ್ಧ ಮುಳುಗುವ ತನಕ ನೀರು ಒಳಗೇ ಬರುವುದಿಲ್ಲ. ವಾಟ ಮೀಟರ್‌ಗೆ 1 ಸೆಂ.ಮೀ. ಗೋಡೆಗೆ ಗುಬುಟಿನ ಪ್ಲಾಸ್ಟಿಕ್ ಹಾಳೆ ಹೊಡೆದು ಅದರ ಬುಡವನ್ನು ಕಾಲುವೆಗೆ ಇಳಿಸಿ, ಗೋಡೆಯಲ್ಲಿ ಒಸರಿದ್ದು ಹಾಳೆಯ ಹಿಂದಿನಿಂದಲೇ ಇಳಿದು ಹೋಗುತ್ತದೆ. ಮೇಲೆ 8-10 ಸೆಂ.ಮೀ. ಕಾಂಕ್ರೀಟ್.

ಬಿರುಕುಬೇಟೆ:
ಎಚ್ಚರ, ಕಾಲುವೆಯನ್ನು ಗೋಡೆಯ ಭಾರ ಹೊರುವ ಪಾದದ ಕಾಂಕ್ರೀಟಿನ ಪಕ್ಕದಲ್ಲಿ ತೆಗೆಯಬೇಕು, ಅದರ ಅಡಿಗೆ ಹೋಗಬಾರದು. ಪಾದದ ಕೆಳಗಿನ ಮಣ್ಣು ಸಡಿಲಾದರೆ ಇಡೀ ಗೋಡೆ ಕೂರುತ್ತದೆ. ನಾಲ್ಕೂ ಗೋಡೆ ಒಂದೇ ಸಲ ಬಗೆಯಬೇಡಿ, ಒಂದು ತುಂಡು ತೆಗೆದು ಮುಚ್ಚಿ ಮುಂದಿನದಕ್ಕೆ ಹೋಗಿ. ಹೊರಗೆ ಅಗೆಯುವವರಿಗೂ ಇದೇ ಮಾತು, ಜೊತೆಗೆ ಆಳದ ಗುಂಡಿಯಲ್ಲಿ ಆಧಾರ ಕೊಡದೆ ಆಳು ಇಳಿಸುವುದು ಜೀವಕ್ಕೇ ಅಪಾಯ.

ನಲ್ಲಿಪೈಪು:
ಕಾಲುವೆಯ ಕೊನೆಗೆ ಪಂಪ್ ಗುಂಡಿ. 45 ಸೆಂ.ಮೀ. ಅಡ್ಡಗಲ, 60-75 ಸೆಂ.ಮೀ. ಆಳ. ಪಂಪ್ ಕಣ್ಣಂದಾಜಿನಲ್ಲಿ ತರಬೇಡಿ. ಇಷ್ಟು ಅಗಲದ ಗುಂಡಿಯಲ್ಲಿ ನೀರು 1 ಸೆಂ.ಮೀ. ಏರಿತು ಅಂದರೆ 1.6 ಲೀಟರ್. ಜೋರು ಮಳೆಯಲ್ಲಿ ನಿಮಿಷಕ್ಕೆ 5 ಸೆಂ.ಮೀ. ಏರಿದರೆ ನಿಮಿಷಕ್ಕೆ 8 ಲೀಟರ್ ಒಳಹರಿವು. ಅದರ ಎರಡರಷ್ಟನ್ನಾದರೂ ನಿಮ್ಮ ಎತ್ತರಕ್ಕೆ ಎತ್ತಬಲ್ಲ ಪಂಪ್ ಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಎತ್ತರವೇ ಇಲ್ಲದಾಗಿನ ಲೆಕ್ಕ, ಒಳಗಿನ ಕೋಷ್ಟಕ ನೋಡಿ.

ನಾನ್ ರಿಟರ್ನ್ ವಾಲ್ವ್ ಬಿಡಬೇಡಿ. 40 ಮಿ.ಮೀ. ಪೈಪ್ 3 ಮೀಟರ್ ಮೇಲೇರಿದ್ದರೆ ಪಂಪ್ ನಿಂತಾಗಲೆಲ್ಲ ಸುಮಾರು 3.8 ಲೀಟರ್ ವಾಪಸ್ ಗುಂಡಿಗೆ, ಫ್ಲೋಟ್ (ನೀರಿನ ಜೊತೆ ತೇಲಿ ಪಂಪ್ ಚಾಲೂ ಮಾಡುವ ಸ್ವಿಚ್) ಮತ್ತೆ ಎದ್ದು ಮತ್ತೆ ಪಂಪ್, ಹೀಗೆ ಆಡಿ ಆಡಿ ಮೋಟಾರ್ ಸುಡುತ್ತದೆ. ವಾಲ್ವಿನ ಕೆಳಗೆ ಪೈಪಿಗೆ 3 ಮಿ.ಮೀ. ತೂತು ಹೊಡೆಯಿರಿ, ಇಲ್ಲದಿದ್ದರೆ ಗಾಳಿ ಸಿಕ್ಕಿ ಪಂಪ್ ಬರಿದೇ ತಿರುಗುತ್ತದೆ. ಫ್ಲೋಟ್ ಗುಂಡಿಯ ಗೋಡೆಗೆ ತಾಗಬಾರದು.

ಗಾಳಿಬೆಳಕು:
ಜೋರು ಮಳೆ ಬಂದಾಗಲೇ ಕರೆಂಟ್ ಹೋಗೋದಲ್ವಾ?

ನಲ್ಲಿಪೈಪು:
ಹೌದು, ಅದಕ್ಕೇ ಬ್ಯಾಟರಿಯಲ್ಲಿ ಓಡುವ ಎರಡನೇ ಪಂಪ್, ಮೊದಲನೆಯದಕ್ಕಿಂತ ಸ್ವಲ್ಪ ಎತ್ತರದಲ್ಲಿ, ಬೇರೆ ಫ್ಲೋಟ್‌ನೊಂದಿಗೆ. ನೀರಿನ ಮಟ್ಟಕ್ಕೆ ಕೂಗುವ ಅಲಾರಂ ಒಂದು. ಜಾಗ ಇಳಿಜಾರಿನಲ್ಲಿದ್ದರೆ ಪಂಪೇ ಬೇಡ, ಪೈಪನ್ನು ತಗ್ಗಿನ ಕಡೆಗೆ ಬಯಲಿಗೆ ಬಿಟ್ಟುಬಿಡಿ, ಅದಕ್ಕಿಂತ ನಂಬಿಕಸ್ಥ ವ್ಯವಸ್ಥೆ ಇಲ್ಲ.

ಮಣ್ಣುವಾಟ:
ಪೈಪಿನೊಳಗೆ ಕಿತ್ತಳೆ ಬಣ್ಣದ ಲೋಳೆ ಕಂಡರೆ ಕಬ್ಬಿಣದ ಬ್ಯಾಕ್ಟೀರಿಯಾ. ನಿಧಾನಕ್ಕೆ ತೂತೆಲ್ಲ ಕಟ್ಟುತ್ತದೆ. ಪ್ರತಿ ಮೂಲೆಯಲ್ಲೂ ತೆರೆದು ತೊಳೆಯುವ ಬಾಯಿ ಈಗಲೇ ಇಡಿಸಿ, ಆಮೇಲೆ ನೆಲ ಒಡೆಯಬೇಕಾಗುತ್ತದೆ.

ಹೊಳೆದಂಡೆ:
ವಿಷಯ ಸ್ವಲ್ಪ ಆಚೆಗೆ, ಆದರೂ ಹೇಳಲೇಬೇಕು. ಪ್ರವಾಹ ಬಂದು ಬೇಸ್‌ಮೆಂಟ್ ತುಂಬಿದಾಗ ಒಂದೇ ಏಟಿಗೆ ಪಂಪ್ ಮಾಡಿ ಬರಿದು ಮಾಡಬೇಡಿ. ಹೊರಗೆ ಮಣ್ಣು ನೀರು ತುಂಬಿ ಒತ್ತುತ್ತಿರುತ್ತದೆ, ಒಳಗಿನ ನೀರೇ ಆಗ ಗೋಡೆಗೆ ಆಸರೆ. ಒಂದಡಿ ತೆಗೆದು ಗುರುತು ಹಾಕಿ, ರಾತ್ರಿ ಬಿಟ್ಟು ನೋಡಿ. ಮಟ್ಟ ಮತ್ತೆ ಏರಿದ್ದರೆ ಇನ್ನೂ ಕಾಲ ಬಂದಿಲ್ಲ.

ಮರಗೆಲಸ:
ಒಣಗಿದ ಮೇಲಿನ ಕೆಲಸಕ್ಕೆ ಬರೋಣ. ಗೋಡೆಯಿಂದ ಚೌಕಟ್ಟನ್ನು ಎರಡು ಬೆರಳು ಬಿಟ್ಟು ನಿಲ್ಲಿಸಿ, ಚೌಕಟ್ಟಿಗೂ ಬೋರ್ಡಿಗೂ ನಡುವೆ ಪಾಲಿಥಿನ್ ಹಾಳೆ ಎಳೆದರೆ ಬೋರ್ಡ್ ಒಣಗಿರುತ್ತೆ.

ಇಬ್ಬನಿ:
ದಯವಿಟ್ಟು ಪಾಲಿಥಿನ್ ಬೇಡ. ನೆಲದೊಳಗಿನ ಗೋಡೆಗೆ ಒಣಗಲು ಇರುವುದು ಒಂದೇ ದಿಕ್ಕು, ಕೋಣೆಯ ಕಡೆಗೆ. ಅಲ್ಲಿ ಪ್ಲಾಸ್ಟಿಕ್ ಎಳೆದರೆ ಕಾಂಕ್ರೀಟಿನಿಂದ ಬಂದ ಹಬೆ ಅದರ ಹಿಂದೆ ನಿಂತು ಮರದ ಪಟ್ಟಿ ಕೊಳೆಯುತ್ತದೆ. ಪ್ಲಾಸ್ಟಿಕ್ ವಾಲ್‌ಪೇಪರ್, ಆಯಿಲ್ ಪೇಂಟ್ ಕೂಡ ಅದೇ ತಪ್ಪು. ಗಾಜಿನ ಹತ್ತಿಯನ್ನು ಕಾಂಕ್ರೀಟಿಗೆ ತಾಗಿಸಿ ತುಂಬಬೇಡಿ, ಗಾಳಿ ಅದರೊಳಗೆ ಹಾದು ಹೋಗಿ ಹಿಂದಿನ ತಣ್ಣನೆ ಗೋಡೆಯಲ್ಲಿ ಬೆವರುತ್ತದೆ. 50 ಮಿ.ಮೀ. ಗಟ್ಟಿ ಎಕ್ಸ್‌ಪಿಎಸ್ (ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ) ಫೋಮ್ ಹಲಗೆಯನ್ನು ಗೋಡೆಗೆ ನೇರ ಅಂಟಿಸಿ, ಜೋಡುಗಳಿಗೆ ಟೇಪ್, ಅಂಚುಗಳಿಗೆ ಸ್ಪ್ರೇ ಫೋಮ್. ಕೋಣೆಯ ಗಾಳಿ ಕಾಂಕ್ರೀಟನ್ನು ಮುಟ್ಟಲೇಬಾರದು.

ಮರಗೆಲಸ:
ಎಕ್ಸ್‌ಪಿಎಸ್ ಕೂಡ ಪ್ಲಾಸ್ಟಿಕ್ ಅಲ್ವೇ? ಅದು ಹಬೆ ತಡೆಯಲ್ವೇ?

ಇಬ್ಬನಿ:
ಬಹುಪಾಲು ತಡೆಯುತ್ತದೆ, ಆದರೆ ಅದರ ಹಿಂದೆ ಕೊಳೆಯುವ ವಸ್ತು ಏನೂ ಇಲ್ಲ. ಕಾಂಕ್ರೀಟ್ ಒದ್ದೆಯಿದ್ದರೆ ಅದಕ್ಕೇನೂ ಆಗುವುದಿಲ್ಲ. ಒಳಮುಖ ಬೆಚ್ಚಗಿರುವುದರಿಂದ ಅಲ್ಲಿ ಹನಿಯೂ ಕಟ್ಟುವುದಿಲ್ಲ. ನಿಮ್ಮ ಪಾಲಿಥಿನ್ ಹಿಂದೆ ಮರ ಇದೆ, ವ್ಯತ್ಯಾಸ ಅಷ್ಟೇ. ಒಸರು ನಿಲ್ಲದ ಗೋಡೆಗೆ ಮಾತ್ರ ಫೋಮೂ ಬೇಡ.

ಮರಗೆಲಸ:
ಒಪ್ಪಿದೆ. ಹಾಗಾದರೆ ಕೆಳಪಟ್ಟಿಗೆ ಔಷಧಿ ಹೊಡೆದ ಮರ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ಚಾನಲ್, ಅದರಡಿ ಫೋಮ್ ಪಟ್ಟಿ. ಬೋರ್ಡ್ ನೆಲಕ್ಕೆ ತಾಗಬಾರದು, 12 ಮಿ.ಮೀ. ಮೇಲೆ ನಿಲ್ಲಿಸಿ ಸ್ಕರ್ಟಿಂಗ್‌ನಿಂದ ಮರೆಮಾಡಿ. ಕಾಗದದ ಮುಖ ಇರುವ ಜಿಪ್ಸಂ ಬೋರ್ಡ್ ಬೂಷ್ಟಿಗೆ ಊಟ. ಸಿಮೆಂಟ್ ಬೋರ್ಡ್ ಹಾಕಿ, ಅಥವಾ ಕೆಳಗಿನ ಎರಡಡಿಗಾದರೂ ಅದನ್ನು ಹಾಕಿ. ನೇರ ಗೋಡೆಗೆ ಪಿಒಪಿ ಮೆತ್ತುವ ಯೋಚನೆ ಇದ್ದರೆ ಕೈಬಿಡಿ.

ನೆಲಹಾಸು:
ಮರದ ಫ್ಲೋರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಹಾಳೆ ಪರೀಕ್ಷೆಯಲ್ಲಿ ಮಂಕು ಕಂಡರೂ ನಾನಾದರೆ ಹಾಕಿಸುವುದಿಲ್ಲ. ನೆಲದ ಹಬೆಯನ್ನು ಅಳೆಯಬೇಕೆಂದರೆ ಸ್ಲ್ಯಾಬಿನ ದಪ್ಪದ 40% ಆಳಕ್ಕೆ ತೂತು ಕೊರೆದು ಆರ್ದ್ರತೆ ಪ್ರೋಬ್ ಇಡುತ್ತಾರೆ, ಒಂದು ದಿನ ಬಿಟ್ಟು ಓದುತ್ತಾರೆ. ಫ್ಲೋರಿಂಗ್ ತಯಾರಕರು ಕೊಟ್ಟ ಮಿತಿಗಿಂತ ಕಡಿಮೆ ಇದ್ದರೆ ಮಾತ್ರ ಮುಂದಕ್ಕೆ. ಹೊಸ ಕಾಂಕ್ರೀಟ್ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಲು ಬೇಕು, ಕಾಲುವೆ ಮುಚ್ಚಿದ ಜಾಗಕ್ಕೂ ಇದೇ ಲೆಕ್ಕ. ಟೈಲ್ಸ್ ಎಲ್ಲಕ್ಕಿಂತ ನಿಶ್ಚಿಂತೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಡವೇ ಬೇಡ.

ಸುಣ್ಣದಕೈ:
ಈಗಾಗಲೇ ಬೂಷ್ಟು ಇದ್ದರೆ ಮುಚ್ಚುವ ಮೊದಲು ತೆಗೆಯಬೇಕು. ಕಾಂಕ್ರೀಟಿನ ಮೇಲಿನದು ಸೋಪು ನೀರು, ಬ್ರಷ್, ಆಮೇಲೆ ಪೂರ್ತಿ ಒಣಗಿಸುವುದು. ಎನ್95 ಮಾಸ್ಕ್, ಕೈಗವಸು ಇರಲಿ. ಬೋರ್ಡ್, ಕಾರ್ಪೆಟ್, ಹಾಸಿಗೆಗೆ ಹತ್ತಿದ್ದರೆ ತೊಳೆಯಲು ಹೋಗದೆ ಬಿಸಾಡಿ. ಒಂದು ಚದರ ಮೀಟರ್‌ಗಿಂತ ಹೆಚ್ಚು ಹಬ್ಬಿದ್ದರೆ ಬಲ್ಲವರನ್ನು ಕರೆಸಿ. ಒದ್ದೆಯಾದ ವಸ್ತುವನ್ನು 24-48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟಿಗೆ ಸಮಯವೇ ಸಿಗುವುದಿಲ್ಲ.

ಕಲ್ಲುಗೂಡು:
ಮಲಗುವ ಕೋಣೆ ಅಂದಿರಿ. ರೇಡಾನ್ ಪರೀಕ್ಷೆ ಮಾಡಿಸಿ. ಮಣ್ಣಿನಿಂದ ಬರುವ ವಿಕಿರಣ ಅನಿಲ, ಬಣ್ಣ ವಾಸನೆ ಇಲ್ಲ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಪ್ರತಿ ಘನ ಮೀಟರ್‌ಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ). ತೆರೆದ ಪಂಪ್ ಗುಂಡಿ ಅದಕ್ಕೆ ರಾಜಮಾರ್ಗ, ಗ್ಯಾಸ್ಕೆಟ್ ಇರುವ ಮುಚ್ಚಳ ಬಿಗಿಯಿರಿ.

ನಲ್ಲಿಪೈಪು:
ಬಾತ್‌ರೂಮ್ ಕೂಡ ಸೇರಿಸುವುದಾದರೆ ಒಳಚರಂಡಿ ಪೈಪಿಗೆ ಬ್ಯಾಕ್‌ಫ್ಲೋ ವಾಲ್ವ್ ಬೇಕು. ಬೀದಿಯ ಚರಂಡಿ ಕಟ್ಟಿಕೊಂಡರೆ ಮೊದಲು ಉಕ್ಕುವುದು ಎಲ್ಲಕ್ಕಿಂತ ಕೆಳಗಿರುವ ನಿಮ್ಮ ಜಾಲರಿಯಲ್ಲಿ. ವಾಲ್ವಿನ ಮುಚ್ಚಳ ಟೈಲ್ಸ್ ಅಡಿ ಹೂತು ಹೋಗಬಾರದು, ಕೈ ಹಾಕಿ ಕಸ ತೆಗೆಯುವಂತಿರಲಿ.

ನೆಲದಡಿ:
ವೈರಿಂಗ್ ಯಾವಾಗ ಎಳೆಸುವುದು? ಫೋಮ್ ಹಾಕುವ ಮೊದಲೋ ಆಮೇಲೋ?

ಮರಗೆಲಸ:
ಫೋಮ್ ಆದ ಮೇಲೆ, ಚೌಕಟ್ಟಿನೊಳಗೆ. ಫೋಮ್ ಕೊರೆದು ಬಾಕ್ಸ್ ಕೂರಿಸಿದರೆ ಆ ತೂತಿನಲ್ಲೇ ಬೆವರುತ್ತದೆ. ಪ್ಲಗ್ ಪಾಯಿಂಟ್ ನೆಲದಿಂದ 45 ಸೆಂ.ಮೀ. ಮೇಲಿರಲಿ, ಇಡೀ ಬೇಸ್‌ಮೆಂಟಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಪಂಪಿಗೆ ಮಾತ್ರ ಪ್ರತ್ಯೇಕ ಲೈನು, ಅದಕ್ಕೆ ಅದರದೇ ಆರ್‌ಸಿಸಿಬಿ. ಬೇರೆ ಯಾವುದೋ ದೀಪದ ದೋಷಕ್ಕೆ ಟ್ರಿಪ್ ಆಗಿ ಮಳೆಯ ರಾತ್ರಿ ಪಂಪ್ ನಿಲ್ಲಬಾರದು.